ಕಾಡುಬೆಕ್ಕಿನ ವಂಶದ ತೋಟಾಗಳು



ಕೇಪಿನ ಕೋವಿಯನ್ನು ಬಲ್ಲ ಮಲೆನಾಡಿನ, ಕೊಡಗಿನ ಹಿರಿಯರಿಗೆ ಒಂದು ಸಂಗತಿಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆ ಕೋವಿಗೆ ಮದ್ದು ಅಳೆಯುವವನು, ಗಜದಿಂದ ಜಡಿಯುವವನು, ಕೊನೆಗೆ ಅದನ್ನು ಕೆನ್ನೆಗೆ ಒತ್ತಿಕೊಂಡು ಈಡು ಹೊಡೆಯುವವನು ಒಬ್ಬನೇ. ಮದ್ದು ಕಡಿಮೆಯಾದರೆ ಬೇಟೆ ತಪ್ಪುತ್ತಿತ್ತು. ಹೆಚ್ಚಾದರೆ ನಳಿಗೆ ಸೀಳುತ್ತಿತ್ತು. ಎರಡಕ್ಕೂ ಹೊಣೆ ಅವನದೇ. ತೋಟಾ ಕೋವಿ ಬಂದ ಮೇಲೆ ಈ ಹೊಣೆ ಅವನ ಕೈಯಿಂದ ಕಾರ್ಖಾನೆಗೆ ಹೋಯಿತು. ತೋಟಾ ಅಥವಾ ಕಾಡತೂಸು ಎಂಬುದು ಮದ್ದು, ಗುಂಡು, ಕೇಪು ಎಲ್ಲವನ್ನೂ ಯಾರೋ ತಿಳಿದವರು ಅಳೆದು, ಮುಚ್ಚಿ, ಮೊಹರು ಹಾಕಿ ಕೊಟ್ಟ ಪೊಟ್ಟಣ. ಕೊಳ್ಳುವವನು ಅದರೊಳಗೆ ಇಣುಕುವ ಅಗತ್ಯವಿಲ್ಲ.

ಆದರೆ ಇಪ್ಪತ್ತನೆಯ ಶತಮಾನದ ಉದ್ದಕ್ಕೂ, ಮುಖ್ಯವಾಗಿ ಅಮೆರಿಕದಲ್ಲಿ, ಸಾವಿರಾರು ಜನ ಈ ಹೊಣೆಯನ್ನು ಬೇಕೆಂದೇ ಮರಳಿ ತಮ್ಮ ಮೈಮೇಲೆ ಎಳೆದುಕೊಂಡರು. ಬಳಸಿದ ತೋಟಾಗೆ ಮನೆಯ ಮೇಜಿನ ಮೇಲೆ ಮತ್ತೆ ಮದ್ದು ತುಂಬುವುದು ಇದರ ಮೊದಲ ಹೆಜ್ಜೆ. ಯಾವ ಕಾರ್ಖಾನೆಯೂ ತಯಾರಿಸದ ಆಕಾರದ ಹೊಸ ತೋಟಾವನ್ನೇ ಹುಟ್ಟಿಸುವುದು ಎರಡನೆಯದು. ಇಂಥ ತೋಟಾಕ್ಕೆ ಅಲ್ಲಿನವರು ಇಟ್ಟ ಹೆಸರು ‘ವೈಲ್ಡ್‌ಕ್ಯಾಟ್’, ಅಂದರೆ ಕಾಡುಬೆಕ್ಕು. ಕಟ್ಟುಪಾಡಿಗೆ ಒಳಪಡದ ಬ್ಯಾಂಕಿಗೆ, ಅದೃಷ್ಟ ನಂಬಿ ಕೊರೆದ ಎಣ್ಣೆ ಬಾವಿಗೆ ಆ ದೇಶದಲ್ಲಿ ಬಳಸುತ್ತಿದ್ದ ಮಾತೇ ಇದು. ಸಾಕಿದ ಬೆಕ್ಕಲ್ಲ, ಹೇಳಿದ ಮಾತು ಕೇಳುತ್ತದೆಂಬ ಭರವಸೆಯೂ ಇಲ್ಲ ಎಂಬುದು ಇದರ ಇಂಗಿತ.

ಈ ಕಥೆಯನ್ನು ಕೋವಿಪ್ರಿಯರ ಹವ್ಯಾಸವೆಂದು ತಳ್ಳಿಹಾಕಬಹುದು. ಆದರೆ ಇದರೊಳಗೆ ನಮ್ಮೆಲ್ಲರಿಗೂ ಸಂಬಂಧಿಸಿದ ಒಂದು ಪ್ರಶ್ನೆಯಿದೆ. ಪ್ರಯೋಗಾಲಯವಿಲ್ಲದ ಸಾಮಾನ್ಯನೊಬ್ಬ ‘ನಾನು ಕಂಡುಹಿಡಿದೆ’ ಎಂದಾಗ ಅದು ನಿಜವೇ ಎಂದು ತಿಳಿಯುವುದು ಹೇಗೆ? ತಪ್ಪಾದರೆ ತೆರಬೇಕಾದ ಬೆಲೆಯೇನು?

ಕೇಪಿನೊಳಗಿನ ಇತಿಹಾಸ

ಒಂದು ತೋಟಾದಲ್ಲಿ ನಾಲ್ಕು ಭಾಗಗಳಿವೆ: ಹಿತ್ತಾಳೆಯ ಕೊಳವೆ, ಅದರ ತಳದಲ್ಲಿ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು. ಸುತ್ತಿಗೆಯ ಮೊನೆ ಕೇಪಿಗೆ ಬಡಿದಾಗ ಕಿಡಿ ಹಾರಿ ಮದ್ದು ಉರಿಯುತ್ತದೆ, ಅನಿಲ ಹಿಗ್ಗಿ ಗುಂಡನ್ನು ತಳ್ಳುತ್ತದೆ. ಈ ನಾಲ್ಕರಲ್ಲಿ ಮದ್ದು ಉರಿದುಹೋಗುತ್ತದೆ, ಗುಂಡು ಹಾರಿಹೋಗುತ್ತದೆ, ಕೇಪು ಸುಟ್ಟುಹೋಗುತ್ತದೆ. ಉಳಿಯುವುದು ಹಿತ್ತಾಳೆಯ ಕೊಳವೆ ಮಾತ್ರ. ನಾಲ್ಕರಲ್ಲಿ ಹೆಚ್ಚು ಬೆಲೆಬಾಳುವುದೂ ಅದೇ. ಹಿತ್ತಾಳೆಯನ್ನು ಎಸೆಯಲು ಯಾವ ಗೃಹಸ್ಥನಿಗೆ ತಾನೇ ಮನಸ್ಸು ಬರುತ್ತದೆ?

ಮರುತುಂಬುವ ಹವ್ಯಾಸ ಅಮೆರಿಕದಲ್ಲಿ ಬೇರೂರಿ ಯೂರೋಪಿನಲ್ಲಿ ಅಷ್ಟಾಗಿ ಬೆಳೆಯದಿದ್ದುದಕ್ಕೆ ಒಂದು ಪುಟ್ಟ ಕಾರಣವುಂಟು. 1860ರ ದಶಕದ ನಡುವಿನಲ್ಲಿ ಇಬ್ಬರು ಎರಡು ಬಗೆಯ ಕೇಪುಗಳನ್ನು ರೂಪಿಸಿದರು. ಒಬ್ಬ ಅಮೆರಿಕದ ಹೈರಮ್ ಬರ್ಡನ್, ಇನ್ನೊಬ್ಬ ಇಂಗ್ಲೆಂಡಿನ ಎಡ್ವರ್ಡ್ ಬಾಕ್ಸರ್. ಬರ್ಡನ್‌ನ ವಿನ್ಯಾಸದಲ್ಲಿ ಕೇಪಿನ ಅಡಿಗಲ್ಲು ಕೊಳವೆಯ ತಳದಲ್ಲೇ ಇರುತ್ತದೆ, ಕಿಡಿ ದಾಟುವ ತೂತುಗಳು ಎರಡು, ಅವೂ ಪಕ್ಕಕ್ಕೆ. ಬಾಕ್ಸರ್‌ನ ವಿನ್ಯಾಸದಲ್ಲಿ ಅಡಿಗಲ್ಲು ಕೇಪಿನೊಳಗೇ ಕೂತಿರುತ್ತದೆ, ನಟ್ಟನಡುವೆ ಒಂದೇ ತೂತು. ಆ ಒಂದು ತೂತಿನೊಳಗೆ ಮೇಲಿನಿಂದ ಒಂದು ಸೂಜಿ ಇಳಿಸಿ ಒತ್ತಿದರೆ ಹಳೆಯ ಕೇಪು ಕಳಚಿ ಬೀಳುತ್ತದೆ. ತಮಾಷೆಯೆಂದರೆ ಅಮೆರಿಕನ್ನನ ಕೇಪು ಯೂರೋಪಿನಲ್ಲಿ ನೆಲೆಸಿತು, ಇಂಗ್ಲಿಷಿನವನ ಕೇಪು ಅಮೆರಿಕದಲ್ಲಿ ನೆಲೆಸಿತು. ಒಂದು ಹವ್ಯಾಸದ ಹಣೆಬರಹ ಹೀಗೆ ಒಂದು ಸೂಜಿಯ ದಾರಿಯಲ್ಲಿ ನಿರ್ಧಾರವಾಯಿತು.

ಆ ಕಾಲದ ದೂರದ ಗುರಿಯ ಸ್ಪರ್ಧೆಗಳೂ ಈ ಹವ್ಯಾಸಕ್ಕೆ ನೀರೆರೆದವು. 1874ರಲ್ಲಿ ನ್ಯೂಯಾರ್ಕ್ ಬಳಿಯ ಕ್ರೀಡ್‌ಮೂರ್ ಮೈದಾನದಲ್ಲಿ ಐರ್ಲೆಂಡಿನ ತಂಡವೂ ಅಮೆರಿಕದ ತಂಡವೂ ಎದುರಾದವು. ಐರಿಷರು ಬಾಯಿಯಿಂದ ಮದ್ದು ತುಂಬುವ ಹಳೆಯ ಮಾದರಿಯ ನುರಿತ ರೈಫಲ್ಲುಗಳನ್ನು ತಂದಿದ್ದರು. ಅಮೆರಿಕನ್ನರ ಕೈಯಲ್ಲಿದ್ದುದು ಹಿಂಬದಿಯಿಂದ ತೋಟಾ ಹಾಕುವ ಹೊಸ ರೈಫಲ್ಲು. 934ಕ್ಕೆ 931 ಅಂಕಗಳಿಂದ ಅಮೆರಿಕ ಗೆದ್ದಿತು. ಐರಿಷ್ ತಂಡದ ಒಬ್ಬ ಒಳ್ಳೆಯ ಗುರಿಕಾರ ತಪ್ಪಿ ಪಕ್ಕದ ಗುರಿಹಲಗೆಯ ನಡುಮಧ್ಯಕ್ಕೆ ಗುಂಡು ಹೊಡೆದಿದ್ದ. ಆ ಒಂದು ಈಡು ಲೆಕ್ಕಕ್ಕೆ ಬಂದಿದ್ದರೆ ಚರಿತ್ರೆ ಬೇರೆಯಾಗುತ್ತಿತ್ತು.

ಕಡಲೂರಿನಲ್ಲಿ ತೀರಿಕೊಂಡ ಗಣಿತಜ್ಞ

ಗುಂಡಿನ ವೇಗವನ್ನು ಅಳೆಯುವ ಬಗೆಯನ್ನು ಜಗತ್ತಿಗೆ ಕಲಿಸಿದವನು ಬೆಂಜಮಿನ್ ರಾಬಿನ್ಸ್ ಎಂಬ ಇಂಗ್ಲಿಷ್ ಗಣಿತಜ್ಞ. 1742ರಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿ ಒಂದು ಸರಳ ಉಪಕರಣದ ವರ್ಣನೆಯಿದೆ. ತೂಗುಹಾಕಿದ ಭಾರವಾದ ಮರದ ದಿಮ್ಮಿಗೆ ಗುಂಡು ಹೊಡೆಯುವುದು, ದಿಮ್ಮಿ ಎಷ್ಟು ಹಿಂದಕ್ಕೆ ಜೀಕಿತು ಎಂದು ಅಳೆಯುವುದು, ಅದರಿಂದ ಗುಂಡಿನ ವೇಗವನ್ನು ಲೆಕ್ಕಹಾಕುವುದು. ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವರಿಗೆ ಈ ‘ಬ್ಯಾಲಿಸ್ಟಿಕ್ ಲೋಲಕ’ ನೆನಪಿರಬಹುದು. ಪಠ್ಯಪುಸ್ತಕ ಸಾಮಾನ್ಯವಾಗಿ ಹೇಳದ ಸಂಗತಿಯೆಂದರೆ, ಈ ರಾಬಿನ್ಸ್ ಈಸ್ಟ್ ಇಂಡಿಯಾ ಕಂಪೆನಿಯ ಎಂಜಿನಿಯರಾಗಿ ನಮ್ಮ ದೇಶಕ್ಕೆ ಬಂದ. 1751ರಲ್ಲಿ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ.

ಅವನ ಲೋಲಕಕ್ಕೂ ಅಮೆರಿಕದ ಹಳ್ಳಿಯೊಂದರ ಮರುತುಂಬುವವನ ಮೇಜಿಗೂ ನಡುವೆ ಬಹಳ ದೂರವಿತ್ತು. ವೇಗ ಅಳೆಯುವ ಸಾಧನ ಸೈನ್ಯದ ಬಳಿ, ದೊಡ್ಡ ಕಂಪೆನಿಗಳ ಬಳಿ ಮಾತ್ರ ಇತ್ತು. ಮನೆಯಲ್ಲಿದ್ದುದು ಒಂದು ಸೂಕ್ಷ್ಮ ತಕ್ಕಡಿ. ಅದರಲ್ಲಿ ತೂಗುತ್ತಿದ್ದ ಮಾನ ‘ಗ್ರೇನ್’. ನಮ್ಮ ಅಕ್ಕಸಾಲಿಗರ ಭಾಷೆಯಲ್ಲಿ ಹೇಳುವುದಾದರೆ ಒಂದು ಗ್ರೇನ್ ಎಂದರೆ ಗುಲಗಂಜಿಯ ಸುಮಾರು ಅರ್ಧ ತೂಕ. 180 ಗ್ರೇನ್ ಸೇರಿದರೆ ಸರಿಯಾಗಿ ಒಂದು ತೊಲ. ಅಮೆರಿಕದ ಸೈನ್ಯ 1906ರಲ್ಲಿ ಬಳಕೆಗೆ ತಂದ ‘.30-06’ ತೋಟಾಕ್ಕೆ ಬೇಟೆಗಾರರು ಹೆಚ್ಚಾಗಿ ಒಪ್ಪುವ ಗುಂಡಿನ ತೂಕ ಇದೇ ಒಂದು ತೊಲ!

ಈ ಹಂತದಲ್ಲಿ ನೆನೆಯಬೇಕಾದ ಹೆಸರು ಡಾ. ಫ್ರಾಂಕ್ಲಿನ್ ಮಾನ್. ವೈದ್ಯಕೀಯ ಓದಿದ ಈತ ತನ್ನ ಜೀವಮಾನದ ಬಹುಭಾಗವನ್ನು ‘ಒಂದೇ ರೈಫಲ್ಲಿನಿಂದ, ಒಂದೇ ಗುರಿಗೆ ಹೊಡೆದ ಎರಡು ಗುಂಡುಗಳು ಒಂದೇ ಜಾಗಕ್ಕೆ ಏಕೆ ಬೀಳುವುದಿಲ್ಲ?’ ಎಂಬ ಒಂದೇ ಪ್ರಶ್ನೆಗೆ ತೆತ್ತ. ಮನುಷ್ಯನ ಕೈನಡುಕ ಅಡ್ಡಬರಬಾರದೆಂದು ನಳಿಗೆಯನ್ನು ಕಾಂಕ್ರೀಟಿನ ಕಟ್ಟೆಗೆ ಬಿಗಿದು ಹೊಡೆದ. ಬೇಕೆಂದೇ ಗುಂಡುಗಳನ್ನು ಕೆಡಿಸಿ ಹೊಡೆದ. ಮೂತಿ ಜಜ್ಜಿದ ಗುಂಡು ಅಷ್ಟೇನೂ ದಾರಿ ತಪ್ಪುವುದಿಲ್ಲ, ತಳ ಕೆಟ್ಟ ಗುಂಡು ಮಾತ್ರ ಖಂಡಿತ ದಾರಿ ತಪ್ಪುತ್ತದೆ ಎಂದು ತೋರಿಸಿದ. 1909ರಲ್ಲಿ ಅವನ ಪುಸ್ತಕ ಹೊರಬಂತು. ಮುಂದಿನ ಪೀಳಿಗೆಯ ಮನೆಪ್ರಯೋಗಿಗಳಿಗೆ ಅದು ಮೊದಲ ಪಾಠವಾಯಿತು.

ಕುತ್ತಿಗೆ ಹಿಸುಕುವ ವಿದ್ಯೆ

1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ಹೊಗೆಯಿಲ್ಲದ ಮದ್ದನ್ನು ಸಿದ್ಧಪಡಿಸಿದ ಮೇಲೆ ಲೆಕ್ಕಾಚಾರವೆಲ್ಲ ಬದಲಾಯಿತು. ಕರಿಮದ್ದಿನ ಕಾಲದಲ್ಲಿ ಹೆಚ್ಚು ಶಕ್ತಿ ಬೇಕೆಂದರೆ ದಪ್ಪ ಗುಂಡೇ ಗತಿ. ಹೊಸ ಮದ್ದು ಸಣ್ಣ ಗುಂಡನ್ನೂ ಹಿಂದೆಂದೂ ಕಾಣದ ವೇಗದಲ್ಲಿ ಓಡಿಸಬಲ್ಲದಾಗಿತ್ತು. ಹಾಗಾದರೆ ದೊಡ್ಡ ಕೊಳವೆಯ ಕುತ್ತಿಗೆಯನ್ನು ಹಿಸುಕಿ ಸಣ್ಣದು ಮಾಡಿ, ಒಳಗೆ ಹೆಚ್ಚು ಮದ್ದು ಹಾಕಿ, ಬಾಯಲ್ಲಿ ಸಣ್ಣ ಗುಂಡು ಕೂರಿಸಿದರೆ? ಬಹುಪಾಲು ಕಾಡುಬೆಕ್ಕುಗಳು ಹುಟ್ಟಿದ್ದು ಈ ಒಂದು ಯೋಚನೆಯಿಂದ.

ಇದರ ಆದಿಪುರುಷರಲ್ಲಿ ಒಬ್ಬನಾದ ಚಾರ್ಲ್ಸ್ ನ್ಯೂಟನ್ ವೃತ್ತಿಯಿಂದ ವಕೀಲ. ಅವನ ವಿನ್ಯಾಸಗಳನ್ನು ಸ್ಯಾವೇಜ್ ಕಂಪೆನಿ ಕೊಂಡು 1912ರಲ್ಲಿ ‘.22 ಹೈ-ಪವರ್’, 1915ರಲ್ಲಿ ‘.250-3000’ ಎಂಬ ತೋಟಾಗಳನ್ನು ಮಾರುಕಟ್ಟೆಗೆ ತಂದಿತು. ಎರಡನೆಯ ಹೆಸರಿನಲ್ಲಿರುವ 3000 ಎಂಬುದು ಸೆಕೆಂಡಿಗೆ 3000 ಅಡಿ ವೇಗ. ನ್ಯೂಟನ್‌ಗೆ ಬೇಕಾಗಿದ್ದುದು 100 ಗ್ರೇನ್ ತೂಕದ ಗುಂಡು. ಆದರೆ ಆ ತೂಕದಲ್ಲಿ ಮೂರು ಸಾವಿರದ ಅಂಕಿ ಮುಟ್ಟುತ್ತಿರಲಿಲ್ಲ. ಕಂಪೆನಿ ಗುಂಡನ್ನು 87 ಗ್ರೇನಿಗೆ ಇಳಿಸಿ ಅಂಕಿಯನ್ನು ಉಳಿಸಿಕೊಂಡಿತು. ಗುಂಡು ಜಾಹೀರಾತಿಗೆ ತಕ್ಕಂತೆ ಹಗುರವಾಯಿತು! ಇದೇ ನ್ಯೂಟನ್‌ನ ‘.22 ಹೈ-ಪವರ್’ ರೈಫಲ್ಲಿನಿಂದ ಹ್ಯಾರಿ ಕಾಲ್ಡ್‌ವೆಲ್ ಎಂಬ ಅಮೆರಿಕನ್ ಪಾದ್ರಿ ಚೀನಾದಲ್ಲಿ ಹುಲಿ ಹೊಡೆದ. ಹೆಸರು ದೊಡ್ಡದಾಯಿತು. ಒಬ್ಬ ನುರಿತವನ ಕೈಯಲ್ಲಿ ಆದದ್ದು ಎಲ್ಲರ ಕೈಯಲ್ಲೂ ಆಗುತ್ತದೆಂಬ ಭ್ರಮೆಯೂ ಅದರೊಂದಿಗೆ ಬೆಳೆಯಿತು.

ಭಾರತದ ನಿಷೇಧ, ಇಂಗ್ಲೆಂಡಿನ ಹೊಸ ಸಂಖ್ಯೆಗಳು

ಕುತ್ತಿಗೆ ಹಿಸುಕುವ ಈ ವಿದ್ಯೆಗೆ ಭಾರತದಿಂದಲೂ ಒಂದು ಒತ್ತಾಸೆ ಸಿಕ್ಕಿತು ಎಂದರೆ ಆಶ್ಚರ್ಯವಾದೀತು. ಮಾರ್ಟಿನಿ-ಹೆನ್ರಿ ಎಂಬ ಹಳೆಯ ಸೈನಿಕ ರೈಫಲ್ಲುಗಳು .450 ಅಳತೆಯವು. ಅಂಥ ತೋಟಾಗಳು ಬ್ರಿಟಿಷ್ ಆಳ್ವಿಕೆಗೆ ತಿರುಗಿಬಿದ್ದವರ ಕೈಸೇರಬಾರದೆಂದು 1907ರಲ್ಲಿ ಸರ್ಕಾರ .450 ಅಳತೆಯ ರೈಫಲ್ಲು, ತೋಟಾಗಳನ್ನು ಭಾರತಕ್ಕೂ ಸುಡಾನಿಗೂ ತರುವುದನ್ನು ನಿಷೇಧಿಸಿತು. ಆದರೆ ರಿಗ್ಬಿ ಕಂಪೆನಿ 1898ರಲ್ಲಿ ತಂದ .450 ತೋಟಾವೇ ಆಗ ಆನೆ, ಕಾಟಿ, ಹುಲಿ ಬೇಟೆಯ ಸಾಹೇಬರ ಅಚ್ಚುಮೆಚ್ಚಿನದು. ಕಾನೂನಿನ ಅಕ್ಷರ ಮೀರದೆ ವ್ಯಾಪಾರ ಉಳಿಸಿಕೊಳ್ಳಲು ಲಂಡನ್ನಿನ, ಬರ್ಮಿಂಗ್‌ಹ್ಯಾಮಿನ ಕೋವಿ ತಯಾರಕರು ಒಂದು ಸಂಖ್ಯೆಯ ಬದಲು ಹಲವು ಸಂಖ್ಯೆಗಳನ್ನು ಮುಂದಿಟ್ಟರು. .465, .470, .475, .476 ಎಲ್ಲವೂ ಈ ಸಂದರ್ಭದಲ್ಲಿ ಮುನ್ನೆಲೆಗೆ ಬಂದವು. ಹಾಲೆಂಡ್ ಅಂಡ್ ಹಾಲೆಂಡ್‌ನ ‘.500/.465’ರ ಹೆಸರೇ ಅದರ ಜಾತಕ ಹೇಳುತ್ತದೆ: .500ರ ಕೊಳವೆಯನ್ನು .465ಕ್ಕೆ ಹಿಸುಕಿದ್ದು. ಕಾನೂನು ಅಳತೆಯೊಂದನ್ನು ಮುಚ್ಚಿದರೆ ಜಾಣತನ ಅದರ ಪಕ್ಕದಲ್ಲೇ ಇನ್ನೊಂದನ್ನು ತೆರೆಯುತ್ತದೆ.

ಇನ್ನೊಂದು ಭಾರತೀಯ ಹೆಸರೂ ಈ ಚರಿತ್ರೆಯಲ್ಲಿ ನಿಂತುಹೋಗಿದೆ. ಅದು ಹೆಮ್ಮೆಪಡುವಂಥದ್ದಲ್ಲ. ಕಲ್ಕತ್ತೆಯ ಬಳಿಯ ಡಮ್‌ಡಮ್ ಶಸ್ತ್ರಾಗಾರದಲ್ಲಿ 1896ರ ಸುಮಾರಿಗೆ ಮೂತಿಯಲ್ಲಿ ಸೀಸ ಬಯಲಾಗಿ ಬಿಟ್ಟ, ಮೈಗೆ ಹೊಕ್ಕೊಡನೆ ಅರಳಿಕೊಳ್ಳುವ ಗುಂಡು ತಯಾರಾಯಿತು. 1899ರ ಹೇಗ್ ಸಮ್ಮೇಳನ ಇಂಥ ಗುಂಡುಗಳನ್ನು ಯುದ್ಧದಲ್ಲಿ ಬಳಸಬಾರದೆಂದು ಘೋಷಿಸಿತು. ಆದರೆ ಬೇಟೆಯಲ್ಲಿ ಅದೇ ತತ್ತ್ವದ ಗುಂಡು ಉಳಿದುಕೊಂಡಿತು. ಪ್ರಾಣಿ ನರಳದೆ ಬೇಗ ಸಾಯಲೆಂಬುದು ಅದಕ್ಕೆ ಕೊಡುವ ಕಾರಣ.

ಎರಡು ಯುದ್ಧಗಳ ನಡುವೆ

ಮೊದಲ ಮಹಾಯುದ್ಧದ ನಂತರ ಅಮೆರಿಕದಲ್ಲಿ .30-06ರ ಹಿತ್ತಾಳೆ ಹೇರಳವಾಗಿ ಸಿಗುತ್ತಿತ್ತು. 1920ರಲ್ಲಿ ಎ. ಓ. ನೀಡ್ನರ್ ಅದರ ಕುತ್ತಿಗೆಯನ್ನು .25ಕ್ಕೆ ಇಳಿಸಿದ. 1922ರಲ್ಲಿ ಅದೇ ಕುತ್ತಿಗೆ .35ಕ್ಕೆ ಹಿಗ್ಗಿ ‘.35 ವೀಲನ್’ ಆಯಿತು. ಕರ್ನಲ್ ಟೌನ್ಸೆಂಡ್ ವೀಲನ್, ಕ್ಯಾಪ್ಟನ್ ಗ್ರೋವ್ನರ್ ವಾಟ್‌ಕಿನ್ಸ್ ಮೊದಲಾದವರು 1885ರ ಕಾಲದ ಕರಿಮದ್ದಿನ ಪುಟ್ಟ ತೋಟಾವೊಂದಕ್ಕೆ ಹೊಸ ಮದ್ದು ತುಂಬಿ ‘.22 ಹಾರ್ನೆಟ್’, ಅಂದರೆ ಕಣಜವನ್ನು ಹುಟ್ಟಿಸಿದರು. 1930ರಲ್ಲಿ ವಿಂಚೆಸ್ಟರ್ ಕಂಪೆನಿ ಅದರ ತೋಟಾ ಮಾರತೊಡಗಿದಾಗ ಅದನ್ನು ಹಾಕಲು ಯಾವ ಕಾರ್ಖಾನೆಯ ರೈಫಲ್ಲೂ ಅಂಗಡಿಯಲ್ಲಿರಲಿಲ್ಲ. ಕುದುರೆಗಿಂತ ಮೊದಲು ಜೀನು ಬಂದಂತಾಯಿತು.

ನೆಡ್ ರಾಬರ್ಟ್ಸ್ ಎಂಬ ಮತ್ತೊಬ್ಬ ಜರ್ಮನಿಯ 7x57 ಮೌಸರ್ ಕೊಳವೆಯನ್ನು ಹಿಸುಕಿದ. ರೆಮಿಂಗ್ಟನ್ ಕಂಪೆನಿ 1934ರಲ್ಲಿ ಅದನ್ನು ಸಾಕುಬೆಕ್ಕಾಗಿಸಿತು. ಈ 7x57 ನಮಗೂ ಪರಿಚಿತವೇ. ಇಂಗ್ಲೆಂಡಿನವರು ಇದನ್ನು ‘.275 ರಿಗ್ಬಿ’ ಎಂದರು. ಚಂಪಾವತದ ನರಭಕ್ಷಕ ಹುಲಿಯನ್ನು 1907ರಲ್ಲಿ ಕೊಂದ ಜಿಮ್ ಕಾರ್ಬೆಟ್‌ಗೆ ಬಹುಮಾನವಾಗಿ ಸಿಕ್ಕಿದ್ದು ಇದೇ ತೋಟಾದ ರೈಫಲ್ಲು. ಬೆಂಗಳೂರಿನ ಕೆನೆತ್ ಆಂಡರ್ಸನ್ ಹಿಡಿದದ್ದು ವಿಂಚೆಸ್ಟರ್‌ನ .405. ನಮ್ಮ ನೆಲದ ಈ ಇಬ್ಬರು ಹೆಸರಾಂತ ಶಿಕಾರಿಗಳೂ ನೆಚ್ಚಿದ್ದು ಕಾರ್ಖಾನೆಯ ತೋಟಾವನ್ನೇ ಎಂಬುದು ಗಮನಾರ್ಹ. ನರಭಕ್ಷಕನ ಮುಂದೆ ನಿಂತವನಿಗೆ ವೇಗದ ಅಂಕಿಗಿಂತ ತಪ್ಪದೆ ಸಿಡಿಯುವ ಕೇಪು ಮುಖ್ಯ.

ಎರಡನೆಯ ಮಹಾಯುದ್ಧ ಬಂದಾಗ ಹವ್ಯಾಸಿಗಳಿಗೆ ಗುಂಡಿನ ಬರ ಬಂತು. ಕ್ಯಾಲಿಫೋರ್ನಿಯಾದ ಓರೋವಿಲ್ ಎಂಬ ಊರಿನಲ್ಲಿ ಫ್ರೆಡ್ ಹಂಟಿಂಗ್ಟನ್ ಎಂಬಾತ, ಹೊಡೆದು ಬಿಸಾಡಿದ .22 ತೋಟಾಗಳ ಖಾಲಿ ಚಿಪ್ಪುಗಳನ್ನೇ ಕವಚ ಮಾಡಿ ಗುಂಡು ಅಚ್ಚು ಹಾಕುವ ಉಪಕರಣವನ್ನು 1943ರಲ್ಲಿ ತಯಾರಿಸತೊಡಗಿದ. ಮುಂದೆ ಆರ್‌ಸಿಬಿಎಸ್ ಎಂಬ ದೊಡ್ಡ ಕಂಪೆನಿ ಬೆಳೆದದ್ದು ಈ ಕಸದಿಂದ ತೆಗೆದ ರಸದಿಂದಲೇ. ಯುದ್ಧ ಮುಗಿದಾಗ ಸೈನ್ಯದ ಬಳಿ ಮದ್ದು ರಾಶಿರಾಶಿ ಉಳಿಯಿತು. ಕಾನ್ಸಾಸ್‌ನ ಬ್ರೂಸ್ ಹಾಜ್ಡನ್ ತನ್ನ ಜೀವವಿಮೆಯ ಮೇಲೆ ಸಾಲ ತೆಗೆದು 50,000 ಪೌಂಡ್ ಮದ್ದು ಕೊಂಡ. ಹೊಲದಲ್ಲಿ ಹಳೆಯ ರೈಲು ಡಬ್ಬಿಯೊಂದನ್ನು ನಿಲ್ಲಿಸಿ ಅದರಲ್ಲಿ ತುಂಬಿಟ್ಟು ಅಗ್ಗವಾಗಿ ಮಾರಿದ. ಮದ್ದು ಅಗ್ಗವಾಯಿತು, ಹಿತ್ತಾಳೆ ಹೇರಳವಾಯಿತು, ಊರಿಗೆ ಮರಳಿದ ಸೈನಿಕರಿಗೆ ಕೋವಿಯ ಪರಿಚಯವಿತ್ತು. 1950ರ ದಶಕ ಕಾಡುಬೆಕ್ಕುಗಳ ಸುಗ್ಗಿಯ ಕಾಲವಾಯಿತು.

ಒತ್ತಡ ಎಂಬ ಕಾಣದ ಮೃಗ

ಈಗ ಈ ಲೇಖನದ ತಿರುಳಿಗೆ ಬರೋಣ. ನಮ್ಮ ಅಡುಗೆಮನೆಯ ಪ್ರೆಶರ್ ಕುಕ್ಕರ್ ಸೀಟಿ ಹೊಡೆಯುವಾಗ ಅದರೊಳಗೆ ಹೊರಗಿನ ಗಾಳಿಗಿಂತ ಹೆಚ್ಚಾಗಿರುವ ಒತ್ತಡ ಚದರ ಅಂಗುಲಕ್ಕೆ ಸುಮಾರು 15 ಪೌಂಡ್. .30-06 ತೋಟಾ ಸಿಡಿದಾಗ ಒಳಗೆ ಏಳಬಹುದಾದ ಒತ್ತಡಕ್ಕೆ ಅಮೆರಿಕದ ತಯಾರಕರ ಸಂಘ ಹಾಕಿರುವ ಮಿತಿ 60,000 ಪೌಂಡ್. ಅಂದರೆ ಸುಮಾರು 4,000 ಕುಕ್ಕರುಗಳ ಒತ್ತಡ, ಸೆಕೆಂಡಿನ ಸಾವಿರದೊಂದು ಭಾಗದಷ್ಟು ಹೊತ್ತು, ಹೊಡೆಯುವವನ ಕಣ್ಣಿನಿಂದ ಗೇಣಿನ ಅಂತರದಲ್ಲಿ. ಹಿತ್ತಾಳೆ ಹಿಗ್ಗಿ ಉಕ್ಕಿನ ಗೋಡೆಗೆ ಅಂಟಿಕೊಂಡು ಅನಿಲವನ್ನು ತಡೆದಿರುತ್ತದೆ. ಆ ತಡೆ ಸೋತರೆ ಮುಂದಿನದನ್ನು ವರ್ಣಿಸುವ ಅಗತ್ಯವಿಲ್ಲ. ದೂರದರ್ಶನದ ಪರದೆಯ ಮೇಲೆ ನಾವು ಹೊಗೆ ತೋರಿಸಬಹುದು, ಸದ್ದು ಕೇಳಿಸಬಹುದು; ಒತ್ತಡವನ್ನು ತೋರಿಸಲು ಯಾವ ಕ್ಯಾಮೆರಾಕ್ಕೂ ಸಾಧ್ಯವಿಲ್ಲ.

ಮನೆಯ ಪ್ರಯೋಗಿಗೂ ಅದು ಕಾಣುತ್ತಿರಲಿಲ್ಲ. ಸುಟ್ಟ ಕೇಪು ಚಪ್ಪಟೆಯಾಗಿದೆಯೇ, ಕೊಳವೆ ಸಲೀಸಾಗಿ ಹೊರಬರುತ್ತದೆಯೇ ಎಂದು ನೋಡಿ ಆತ ಒತ್ತಡವನ್ನು ಊಹಿಸುತ್ತಿದ್ದ. ನಾಡಿ ಹಿಡಿದು ರೋಗ ಹೇಳಿದಂತೆ. ಆದರೆ ಈ ನಾಡಿ ಮಿತಿ ದಾಟಿದ ಮೇಲಷ್ಟೇ ಮಾತಾಡುವುದೂ ಉಂಟು.

ಕಣ್ಣಂದಾಜಿನ ಬೆಲೆಯೇನೆಂಬುದಕ್ಕೆ ಕಾರ್ಖಾನೆಯೇ ಒಂದು ಉದಾಹರಣೆ ಕೊಟ್ಟಿದೆ. 1917ರ ಸುಮಾರಿಗೆ ಅಮೆರಿಕದ ಸೈನ್ಯದ ಸ್ಪ್ರಿಂಗ್‌ಫೀಲ್ಡ್ ರೈಫಲ್ಲುಗಳು ಕೆಲವು ಸಿಡಿದುಹೋದವು. ಕಾರಣ ಹುಡುಕಿದಾಗ ತಿಳಿದದ್ದು ಇದು: ಉಕ್ಕನ್ನು ಹದಗೊಳಿಸುವ ಅನುಭವಿ ಕೆಲಸಗಾರರು ಕಾದ ಉಕ್ಕಿನ ಬಣ್ಣ ನೋಡಿ ಶಾಖ ನಿರ್ಧರಿಸುತ್ತಿದ್ದರು. ಉಪಕರಣದಿಂದ ಅಳೆದು ನೋಡಿದರೆ, ಮೋಡ ಕವಿದ ದಿನಕ್ಕೂ ಬಿಸಿಲಿನ ದಿನಕ್ಕೂ ಅವರ ‘ಸರಿಯಾದ ಬಣ್ಣ’ದಲ್ಲಿ 300 ಡಿಗ್ರಿ ಫ್ಯಾರನ್‌ಹೀಟ್‌ವರೆಗೆ ವ್ಯತ್ಯಾಸವಿತ್ತು! ಬಿಸಿಲಿನಲ್ಲಿ ಕಾದ ಉಕ್ಕು ಮಂಕಾಗಿ ಕಾಣುವುದರಿಂದ ಇನ್ನಷ್ಟು ಕಾಯಿಸುತ್ತಿದ್ದರು, ಉಕ್ಕು ಪೆಡಸಾಗುತ್ತಿತ್ತು. ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರದ 8 ಲಕ್ಷಕ್ಕಿಂತ ಕೆಳಗಿನ ಕ್ರಮಸಂಖ್ಯೆಯ ರೈಫಲ್ಲುಗಳೆಲ್ಲ ಸಂಶಯಕ್ಕೆ ಒಳಗಾದವು. ಅಲ್ಲಿ ಕೆಲಸಗಾರನ ನಿಷ್ಠೆಗೆ ಕೊರತೆಯಿರಲಿಲ್ಲ, ಥರ್ಮಾಮೀಟರಿಗೆ ಕೊರತೆಯಿತ್ತು.

ಕಾಡುಬೆಕ್ಕುಗಳ ಲೋಕಕ್ಕೆ ಈ ಪಾಠವನ್ನು ತಂದವರಲ್ಲಿ ಪಾರ್ಕರ್ ಆಕ್ಲಿ (1903-1989) ಮುಖ್ಯ. ಕೃಷಿ ಪದವೀಧರನಾದ ಈತ ಕೋವಿ ಕಮ್ಮಾರನಾಗಿ, ಅನಂತರ ಕೊಲರಾಡೋದ ಕಾಲೇಜೊಂದರಲ್ಲಿ ಆ ವಿದ್ಯೆಯ ಅಧ್ಯಾಪಕನಾಗಿ ದುಡಿದ. ಹಳೆಯ ಕೊಳವೆಯ ಓರೆಯನ್ನು ನೇರಗೊಳಿಸಿ, ಹೆಗಲನ್ನು 40 ಡಿಗ್ರಿಗೆ ಚೂಪಾಗಿಸಿ, ಒಳಗೆ ತುಸು ಹೆಚ್ಚು ಜಾಗ ಮಾಡುವುದು ಅವನ ‘ಇಂಪ್ರೂವ್ಡ್’ ತೋಟಾಗಳ ಗುಟ್ಟು. ನೇರ ಗೋಡೆಯ ಹಿತ್ತಾಳೆ ಉಕ್ಕನ್ನು ಬಲವಾಗಿ ಕಚ್ಚಿ ಹಿಡಿಯುವುದರಿಂದ ಹಿಂಬದಿಯ ಅಗುಳಿಯ ಮೇಲೆ ಬೀಳುವ ಹೊಡೆತ ಕಡಿಮೆಯೆಂದು ತೋರಿಸಲು, ರೈಫಲ್ಲೊಂದರ ಅಗುಳಿಯನ್ನೇ ತೆಗೆದು ಈಡು ಹೊಡೆದು ನೋಡಿದ. ಪ್ರಯೋಗ ಸರಿಯಾಗಿತ್ತು. ಅನೇಕರು ಅದನ್ನು ಓದಿಕೊಂಡ ರೀತಿ ಸರಿಯಿರಲಿಲ್ಲ. ಹಿಂದಕ್ಕೆ ಬೀಳುವ ಹೊಡೆತ ಕಡಿಮೆಯಾಯಿತೆಂದರೆ ಒಳಗಿನ ಒತ್ತಡ ಕಡಿಮೆಯಾಯಿತೆಂದಲ್ಲ. ನಳಿಗೆಯ ಗೋಡೆ ಅಷ್ಟನ್ನೂ ಹೊರಲೇಬೇಕು.

ವೇಗದ ವಿಷಯಕ್ಕೂ ಒಂದು ಸ್ಥೂಲ ಲೆಕ್ಕವಿದೆ. ಒತ್ತಡ ಬದಲಾಗದಿದ್ದರೆ ಕೊಳವೆಯ ಒಳಜಾಗ ಎಷ್ಟು ಪಾಲು ಹೆಚ್ಚುತ್ತದೋ ವೇಗ ಅದರ ಕಾಲು ಪಾಲು ಮಾತ್ರ ಹೆಚ್ಚುತ್ತದೆ. ಜಾಗವನ್ನು ಶೇಕಡ 8ರಷ್ಟು ಹಿಗ್ಗಿಸಿದರೆ ವೇಗ ಏರುವುದು ಶೇಕಡ 2. ಸೆಕೆಂಡಿಗೆ 2700 ಅಡಿ ಇದ್ದದ್ದು 2754 ಆಗುತ್ತದೆ, ಅಷ್ಟೆ. ಆದರೆ ಆ ದಿನಗಳ ಪತ್ರಿಕೆಗಳಲ್ಲಿ ಹೊಸ ತೋಟಾದ ಜನಕರು ಇನ್ನೂರು, ಮುನ್ನೂರು ಅಡಿ ಹೆಚ್ಚಿಗೆಯೆಂದು ಹೇಳಿಕೊಳ್ಳುವುದಿತ್ತು. ಅದು ನಿಜವಾಗಿದ್ದರೆ ಆ ಹೆಚ್ಚಳ ಬಂದದ್ದು ಆಕಾರದಿಂದಲ್ಲ, ಮಿತಿಮೀರಿದ ಒತ್ತಡದಿಂದ. ಸುಳ್ಳಾಗಿದ್ದರೆ ಅಳೆಯದೆ ಆಡಿದ ಮಾತಿನಿಂದ.

ಆಕ್ಲಿಯ ಕಾಲದ ಒಂದು ಪ್ರಸಂಗವನ್ನು ಅಮೆರಿಕದ ರೈಫಲ್ ಸಂಘದ ಪತ್ರಿಕೆ 1959ರಲ್ಲಿ ಪ್ರಕಟಿಸಿತು. ಒಬ್ಬಾತ ಜಪಾನಿನ 6.5 ಮಿಲಿಮೀಟರ್ ಅರಿಸಾಕಾ ರೈಫಲ್ಲನ್ನು .30-06ಕ್ಕೆ ಒಗ್ಗಿಸಿದ. ತೋಟಾ ಕೂರುವ ಜಾಗವನ್ನು ಕೊರೆದ, ನಳಿಗೆಯನ್ನು ಮಾತ್ರ ಹಾಗೇ ಬಿಟ್ಟ. ಅಂದರೆ ಸುಮಾರು 7.8 ಮಿಲಿಮೀಟರ್ ಗುಂಡು ಅದಕ್ಕಿಂತ ಎಷ್ಟೋ ಕಿರಿದಾದ ನಳಿಗೆಯಲ್ಲಿ ಹಿಂಡಿಕೊಂಡು ಹೊರಬರಬೇಕಿತ್ತು. ಅವನ ದೂರು ಏನಿತ್ತು ಗೊತ್ತೇ? ಕೋವಿ ತುಸು ಜೋರಾಗಿ ಒದೆಯುತ್ತದೆ ಎಂಬುದು! ಆಕ್ಲಿಯ ಪರೀಕ್ಷೆಗಳಲ್ಲೂ ಅರಿಸಾಕಾದ ಉಕ್ಕು ಅಸಾಧಾರಣ ಬಲಶಾಲಿ ಎನಿಸಿಕೊಂಡಿತ್ತು. ಅವನು ಬದುಕಿದ್ದು ಅದರಿಂದ. ‘ನಾನು ನೂರು ಸಲ ಹೊಡೆದಿದ್ದೇನೆ, ಏನೂ ಆಗಿಲ್ಲ’ ಎನ್ನುವವರಿಗೆ ಈ ಕಥೆ ಹೇಳಬೇಕು. ಏನೂ ಆಗದಿರುವುದು ಸುರಕ್ಷಿತ ಎಂಬುದಕ್ಕೆ ಪುರಾವೆಯಲ್ಲ.

ಅಳತೆ ಮನೆಗೆ ಬಂದಾಗ

ಪ್ರಯೋಗಾಲಯದಲ್ಲೂ ಅಳತೆ ಸುಲಭವಾಗಿರಲಿಲ್ಲ. 1860ರ ದಶಕದಿಂದ ಬಂದ ಪದ್ಧತಿಯಲ್ಲಿ ತಾಮ್ರದ ಸಣ್ಣ ಉರುಳೆಯೊಂದು ಎಷ್ಟು ಜಜ್ಜಿತು ಎಂಬುದರಿಂದ ಒತ್ತಡ ತಿಳಿಯುತ್ತಿದ್ದರು. ತಾಮ್ರ ನಿಧಾನಿ, ಕ್ಷಣದ ಶಿಖರವನ್ನು ಪೂರ್ತಿಯಾಗಿ ಹೇಳಲಾರದು. 1880ರಲ್ಲಿ ಕ್ಯೂರಿ ಸಹೋದರರು ಕಂಡ ಸ್ಫಟಿಕದ ಗುಣ, ಅಂದರೆ ಒತ್ತಿದರೆ ವಿದ್ಯುತ್ತು ಕೊಡುವ ಗುಣ, ಮುಂದೆ ಈ ಕೆಲಸಕ್ಕೂ ಬಂತು. ಅದೇ .30-06 ತಾಮ್ರದ ಲೆಕ್ಕದಲ್ಲಿ 50,000, ಸ್ಫಟಿಕದ ಲೆಕ್ಕದಲ್ಲಿ 60,000. ತೋಟಾ ಬದಲಾಗಿಲ್ಲ, ಅಳತೆಗೋಲು ಬದಲಾಗಿದೆ. ಎರಡು ಅಂಕಿಗಳನ್ನು ಅದಲುಬದಲು ಮಾಡಿಕೊಂಡವನಿಗೆ ಅಪಾಯ ತಪ್ಪಿದ್ದಲ್ಲ. 1960ರ ದಶಕದಿಂದ ವೇಗ ಅಳೆಯುವ ವಿದ್ಯುನ್ಮಾನ ಸಾಧನ ಸಾಮಾನ್ಯರ ಕೈಗೆಟುಕಿತು. ರಾಬಿನ್ಸ್‌ನ ದಿಮ್ಮಿ ಕೊನೆಗೂ ಮನೆಯಂಗಳಕ್ಕೆ ಬಂತು. ಎಷ್ಟೋ ಹೆಮ್ಮೆಯ ಅಂಕಿಗಳು ಅಂದೇ ಇಳಿದವು.

ದೊಡ್ಡ ಕಂಪೆನಿಗಳೂ ಎಡವಿದ್ದುಂಟು. 1955ರಲ್ಲಿ ವಿಂಚೆಸ್ಟರ್ ‘.243’ ತಂದಿತು. ರೆಮಿಂಗ್ಟನ್, ಹಂಟಿಂಗ್ಟನ್‌ನ ಕಾಡುಬೆಕ್ಕೊಂದನ್ನು ಆಧರಿಸಿ ‘.244’ ತಂದಿತು. ಎರಡೂ 6 ಮಿಲಿಮೀಟರ್ ತೋಟಾಗಳೇ. ವ್ಯತ್ಯಾಸವಿದ್ದುದು ನಳಿಗೆಯೊಳಗಿನ ಸುರುಳಿ ಗೀರಿನಲ್ಲಿ. ವಿಂಚೆಸ್ಟರ್‌ನ ಗೀರು 10 ಅಂಗುಲಕ್ಕೆ ಒಂದು ಸುತ್ತು, ರೆಮಿಂಗ್ಟನ್‌ನದು 12ಕ್ಕೆ ಒಂದು. ಬುಗುರಿ ನಿಧಾನವಾಗಿ ಸುತ್ತಿದರೆ ತೂರಾಡುವಂತೆ ಜಿಂಕೆ ಬೇಟೆಗೆ ಬೇಕಾದ 100 ಗ್ರೇನಿನ ಉದ್ದ ಗುಂಡು ರೆಮಿಂಗ್ಟನ್ ನಳಿಗೆಯಲ್ಲಿ ಸ್ಥಿರವಾಗಿ ನಿಲ್ಲುವ ಭರವಸೆ ಇರಲಿಲ್ಲ. ಜನ .243ರ ಕಡೆ ವಾಲಿದರು. 1963ರಲ್ಲಿ ರೆಮಿಂಗ್ಟನ್ ಗೀರನ್ನು 9 ಅಂಗುಲಕ್ಕೆ ಬಿಗಿಗೊಳಿಸಿ, ‘6 ಮಿಲಿಮೀಟರ್ ರೆಮಿಂಗ್ಟನ್’ ಎಂದು ಹೆಸರನ್ನೂ ಬದಲಿಸಿತು. ಹೋದ ಮಾನ ಬರಲಿಲ್ಲ.

ಗುರಿಯ ಲೋಕದಲ್ಲಿ ಮಾತ್ರ ಕಾಡುಬೆಕ್ಕು ನಿಜವಾದ ವಿಜ್ಞಾನವಾಯಿತು. 1975ರಲ್ಲಿ ಲೂಯಿ ಪಾಮಿಸಾನೋ ಎಂಬ ಶಸ್ತ್ರವೈದ್ಯ, ಫೆರಿಸ್ ಪಿಂಡೆಲ್ ಎಂಬ ಉಪಕರಣ ತಯಾರಕ ಸೇರಿ ‘6 ಪಿಪಿಸಿ’ ರೂಪಿಸಿದರು. ಇದರ ತಾಯಿ ‘.220 ರಷ್ಯನ್’, ಅದರ ತಾಯಿ ಕಲಾಶ್ನಿಕೋವ್ ರೈಫಲ್ಲಿನ 7.62x39 ತೋಟಾ. ಶೀತಲ ಸಮರದ ನಡುವೆ ಎದುರಾಳಿಯ ಯುದ್ಧದ ಹಿತ್ತಾಳೆಯ ಮೊಮ್ಮಗು ಅಮೆರಿಕದಲ್ಲಿ ಅತ್ಯಂತ ನಿಖರವಾದ ತೋಟಾ ಎನಿಸಿತು! ಇವರು ಬೆನ್ನಟ್ಟಿದ್ದು ವೇಗವನ್ನಲ್ಲ. ಒಂದು ಈಡಿಗೂ ಮುಂದಿನ ಈಡಿಗೂ ವ್ಯತ್ಯಾಸವಿಲ್ಲದಿರುವುದನ್ನು.

ನಮಗೇನು?

ನಮ್ಮ ದೇಶದಲ್ಲಿ ಈ ಹವ್ಯಾಸಕ್ಕೆ ದಾರಿ ಕಿರಿದು. 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ತೋಟಾ ತಯಾರಿಸುವುದು ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಶಿಕಾರಿಯ ಯುಗಕ್ಕೆ ತೆರೆ ಎಳೆಯಿತು. ನಮ್ಮ ಗುರಿಕಾರರ ಕೀರ್ತಿ ಬೆಳೆದದ್ದೂ ಬೇರೆ ದಾರಿಯಲ್ಲಿ. 2008ರಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಮದ್ದೇ ಇಲ್ಲದ ಏರ್ ರೈಫಲ್ಲಿನಿಂದ. 2024ರಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದ 50 ಮೀಟರ್ ಸ್ಪರ್ಧೆಯ .22 ತೋಟಾದಲ್ಲಿ ಸಿಡಿಮದ್ದು ಅಂಚಿನ ಮಡಿಕೆಯೊಳಗೇ ಇರುವುದರಿಂದ ಅದನ್ನು ಮರುತುಂಬುವುದು ರೂಢಿಯಲ್ಲಿಲ್ಲ.

ಬೇಟೆಯ ಪ್ರಶ್ನೆಯನ್ನು ಬದಿಗಿಟ್ಟು ಹೋಗಲಾಗದು. ಹೆಚ್ಚು ವೇಗ ಎಂದರೆ ಹೆಚ್ಚು ದೂರದಿಂದ ಹೊಡೆಯುವ ಆಸೆ. ದೂರ ಹೆಚ್ಚಿದಷ್ಟೂ ಗಾಳಿ ಗುಂಡನ್ನು ಬದಿಗೆ ತಳ್ಳುತ್ತದೆ. ಗುರಿಹಲಗೆಯ ಮೇಲೆ ಅದರ ಬೆಲೆ ಒಂದು ಅಂಕ. ಕಾಡಿನಲ್ಲಿ ಅದರ ಬೆಲೆ ಗಾಯಗೊಂಡು ಪೊದೆ ಸೇರಿದ ಜೀವದ ನರಳಾಟ. ಆಂಡರ್ಸನ್, ಕಾರ್ಬೆಟ್ ಬೆನ್ನಟ್ಟಿದ ನರಭಕ್ಷಕಗಳಲ್ಲಿ ಕೆಲವು ಹಿಂದೆ ಯಾರೋ ಹೊಡೆದ ಹಳೆಯ ಗುಂಡಿನ ಗಾಯ ಹೊತ್ತವಾಗಿದ್ದವು ಎಂಬುದನ್ನು ಅವರೇ ಬರೆದಿದ್ದಾರೆ. ತನ್ನ ತೋಟಾದ ವೇಗವನ್ನು ಹೆಚ್ಚಿಸಿ ಹೇಳಿಕೊಂಡವನ ಸುಳ್ಳಿಗೆ ಬೆಲೆ ತೆರುವವರು ಅವನೊಬ್ಬನೇ ಅಲ್ಲ.

ಕಾಡುಬೆಕ್ಕುಗಳಲ್ಲಿ ಬಹುಪಾಲು ಇಂದು ಹೆಸರೂ ಉಳಿಯದೆ ಹೋಗಿವೆ. ಅಳತೆಗೆ ನಿಂತವು ಉಳಿದವು. ‘.22-250’ ಹುಟ್ಟಿದ್ದು 1930ರ ದಶಕದಲ್ಲಿ, ಕಾರ್ಖಾನೆ ಒಪ್ಪಿದ್ದು 1965ರಲ್ಲಿ. ನೀಡ್ನರ್‌ನ .25 ಕಾದದ್ದು 1969ರವರೆಗೆ, .35 ವೀಲನ್ 1988ರವರೆಗೆ. ಆಕ್ಲಿಯ ‘.280’ಕ್ಕೆ ತಯಾರಕರ ಸಂಘದ ಮಾನ್ಯತೆ ಸಿಕ್ಕಾಗ ಅವನು ತೀರಿಕೊಂಡು ಸುಮಾರು ಎರಡು ದಶಕಗಳಾಗಿದ್ದವು.

2007ರಲ್ಲಿ ಹಾರ್ನಡಿ ಕಂಪೆನಿ ‘6.5 ಕ್ರೀಡ್‌ಮೂರ್’ ಎಂಬ ತೋಟಾ ಹೊರತಂದಿತು. 1874ರ ಆ ಮೈದಾನದ ಹೆಸರೇ ಮರಳಿ ಬಂತು. ಸ್ಪರ್ಧಿಗಳ ಬೇಡಿಕೆಗೆ ಓಗೊಟ್ಟು, ಒಳಗೆ ಯಾವ ಮದ್ದು ಎಷ್ಟಿದೆ ಎಂಬುದನ್ನು ಅದರ ಮೊದಮೊದಲ ಪೆಟ್ಟಿಗೆಗಳ ಮೇಲೆಯೇ ಅಚ್ಚು ಹಾಕಿದ್ದರು. ಕೋವಿಯ ಲೋಕದಲ್ಲಿ ಇದು ಸಣ್ಣ ಸಂಗತಿಯಲ್ಲ. ನೂರು ವರ್ಷ ಒಬ್ಬೊಬ್ಬರ ಜೇಬಿನ ಪುಸ್ತಕದಲ್ಲಿ ಗುಟ್ಟಾಗಿದ್ದುದು ಪೆಟ್ಟಿಗೆಯ ಮೇಲೆ ಬಯಲಾಯಿತು. ಯಾರು ಬೇಕಾದರೂ ಅಳೆದು ನೋಡಿ, ತಪ್ಪಿದ್ದರೆ ಹೇಳಬಹುದಾಯಿತು. ನಮ್ಮಲ್ಲಿ ಯಾರಾದರೂ ಹೊಸ ಎಂಜಿನ್ನು, ಹೊಸ ಔಷಧ, ಹೊಸ ಗೊಬ್ಬರ ಕಂಡುಹಿಡಿದೆನೆಂದು ಮುಂದೆ ಬಂದಾಗ ಚಪ್ಪಾಳೆ ತಟ್ಟುವ ಮೊದಲು, ನಗುವ ಮೊದಲೂ ಸಹ, ಕೇಳಬೇಕಾದ ಮಾತು ಇದೇ ಅಲ್ಲವೇ: ಅಳೆದಿದ್ದೀರಾ, ಯಾವುದರಿಂದ ಅಳೆದಿರಿ, ನಾವೂ ಅಳೆಯಬಹುದೇ?